ಕುಂಬಳಕಾಯಿ ಕಳ್ಳನ ಹೆಗಲು

ಪೊಲೀಸ್ ತಪಾಸಣೆಯ ಮಾತು ಬಂದಾಗೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತೆ: "ತಪ್ಪು ಮಾಡಿಲ್ಲ ಅಂದ್ಮೇಲೆ ಫೋನ್ ತೋರಿಸೋಕೆ ಏನು ಕಷ್ಟ?" ಆಫೀಸಿನಲ್ಲಿ ಊಟಕ್ಕೆ ಕೂತಾಗಲೂ ಕೇಳಿದ್ದೇನೆ, ನಮ್ಮೂರಿನ ಅರಳಿಕಟ್ಟೆ ಮೇಲೂ ಕೇಳಿದ್ದೇನೆ. ಇದಕ್ಕೆ ಕನ್ನಡದಲ್ಲಿ ಗಾದೆಯೇ ಇದೆಯಲ್ಲ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ. ತೋರಿಸಲ್ಲ ಅಂದವನೇ ಕಳ್ಳ, ಮುಗೀತು.

ಆದರೆ ಈ ದೇಶದಲ್ಲಿ ಖಾಸಗಿತನದ ಹಕ್ಕಿನ ಇತಿಹಾಸ ಓದ್ತಾ ಹೋದರೆ ಸಿಗೋದು ಖರಕ್ ಸಿಂಗ್ ಅನ್ನೋ ಹಳ್ಳಿಯ ಮನುಷ್ಯ. ಉತ್ತರ ಪ್ರದೇಶದವರು. 1941ರಲ್ಲಿ ಒಂದು ಡಕಾಯಿತಿ ಕೇಸಿನಲ್ಲಿ ಅವರನ್ನ ಹಿಡಿದರು. ಸಾಕ್ಷ್ಯ ಸಿಗಲಿಲ್ಲ, ಬಿಟ್ಟರು. ಕಥೆ ಅಲ್ಲಿಗೆ ಮುಗೀಬೇಕಿತ್ತು. ಆದರೆ ಠಾಣೆಯಲ್ಲಿ ಅವರ ಹೆಸರಿನ ಹಿಸ್ಟರಿ ಶೀಟ್ ತೆರೆದರು. ನಮ್ಮ ಕಡೆ ರೌಡಿ ಶೀಟ್ ಅಂತೀವಲ್ಲ, ಆ ಜಾತಿಯದ್ದು.

ಆಮೇಲೆ ನಡೆದಿದ್ದನ್ನ ಅವರು ಸುಪ್ರೀಂ ಕೋರ್ಟಿಗೆ ಹೀಗೆ ಹೇಳಿಕೊಂಡರು. ರಾತ್ರಿ ಹೊತ್ತು ಊರ ಚೌಕೀದಾರ, ಕೆಲವು ಸಲ ಪೊಲೀಸ್ ಪೇದೆಗಳು ಬಂದು ಬಾಗಿಲು ಬಡಿದು, ಕೂಗಿ ಎಬ್ಬಿಸ್ತಾರೆ. ಎಷ್ಟೋ ಸಲ ನಿದ್ದೆಗಣ್ಣಲ್ಲೇ ಠಾಣೆಗೆ ಕರ್ಕೊಂಡು ಹೋಗ್ತಾರೆ. ಬೇರೆ ಊರಿಗೆ ಹೊರಟರೆ ಎಲ್ಲಿಗೆ, ಯಾವಾಗ ವಾಪಸ್ಸು ಅಂತ ತಿಳಿಸಿ ಹೋಗಬೇಕು. ಈ ಠಾಣೆಯವರು ಆ ಊರಿನ ಠಾಣೆಗೆ ಸುದ್ದಿ ಮುಟ್ಟಿಸ್ತಾರೆ, ಅಲ್ಲೂ ಕಾವಲು ಶುರು.

ಇದು ಯಾರೋ ಒಬ್ಬ ದಾರೋಗನ ದರ್ಪ ಅಂದ್ಕೋಬೇಡಿ. ಉತ್ತರ ಪ್ರದೇಶ ಪೊಲೀಸ್ ನಿಯಮಾವಳಿಯ 236ನೇ ನಿಯಮದಲ್ಲೇ ಇದೆಲ್ಲ ಬರೆದಿತ್ತು: ಮನೆಗೆ ಗುಟ್ಟಾದ ಕಾವಲು, ರಾತ್ರಿ ಮನೆ ಭೇಟಿ, ಅಭ್ಯಾಸ, ಸಹವಾಸ, ಆದಾಯ, ಖರ್ಚಿನ ವಿಚಾರಣೆ. ಈ ಮನೋಭಾವದ ಬೇರು ಇನ್ನೂ ಹಳೇದು. 1857ರ ದಂಗೆ ಮುಗಿದ ಮೇಲೆ 1861ರಲ್ಲಿ ಪೊಲೀಸ್ ಕಾಯ್ದೆ ಬಂತು. 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂದು, ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳು ಅಂತ ಪಟ್ಟಿಗೆ ಸೇರಿಸಿತು. ಹಾಜರಿ ಹಾಕಬೇಕು, ಊರು ಬಿಡಬೇಕಾದರೆ ಪಾಸ್ ಬೇಕು. ಮುಂದೆ ಇಂಥವರನ್ನ ಸೆಟ್ಲ್‌ಮೆಂಟುಗಳಲ್ಲಿ ತಂದು ಕೂರಿಸಿದರು. ಹುಬ್ಬಳ್ಳಿಯಲ್ಲಿ ಅಂಥದ್ದೊಂದು ಇತ್ತು, ಆ ಜಾಗಕ್ಕೆ ಸೆಟ್ಲ್‌ಮೆಂಟ್ ಅನ್ನೋ ಹೆಸರು ಇವತ್ತಿಗೂ ಉಳಿದಿದೆ. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಅದರ ಬುದ್ಧಿ ಮಾತ್ರ ಠಾಣೆಯ ರಿಜಿಸ್ಟರುಗಳಲ್ಲಿ ಉಳಿದುಕೊಂಡಿತು.

ಖರಕ್ ಸಿಂಗ್ ಕೇಸಿನ ತೀರ್ಪು ಬಂದಿದ್ದು 1962ರ ಡಿಸೆಂಬರಿನಲ್ಲಿ, ಆರು ನ್ಯಾಯಮೂರ್ತಿಗಳ ಪೀಠದಿಂದ. ಕೋರ್ಟ್ ನೋಡಿದ ಒಂದು ಮುಖ್ಯ ವಿಷಯ ಇದು: ಈ ನಿಯಮಗಳ ಹಿಂದೆ ಯಾವ ಕಾನೂನಿದೆ? ಇರಲಿಲ್ಲ. ಶಾಸನಸಭೆ ಮಾಡಿದ್ದಲ್ಲ, ಇಲಾಖೆ ತನಗೆ ತಾನೇ ಬರೆದುಕೊಂಡ ಸೂಚನೆಗಳು ಅಷ್ಟೇ. ಹಾಗಾಗಿ ರಾತ್ರಿ ಮನೆ ಭೇಟಿಯ ಭಾಗವನ್ನ ಕೋರ್ಟ್ ಹೊಡೆದುಹಾಕಿತು. ಆದರೆ ಅದೇ ಉಸಿರಿನಲ್ಲಿ, ಖಾಸಗಿತನ ಅನ್ನೋ ಹಕ್ಕು ನಮ್ಮ ಸಂವಿಧಾನದಲ್ಲಿ ಇಲ್ಲ ಅಂತ ಬಹುಮತದ ತೀರ್ಪು ಹೇಳಿತು. ಹಿಂಬಾಲಿಸೋದು, ವಿಚಾರಿಸೋದು ಮುಂದುವರಿಯಿತು.

ಕೆ. ಸುಬ್ಬರಾವ್ ಮತ್ತು ಜೆ.ಸಿ. ಶಾ ಇದನ್ನ ಒಪ್ಪಲಿಲ್ಲ. ಸುಬ್ಬರಾವ್ ಅವರ ಭಿನ್ನ ತೀರ್ಪಿನ ವಾದವನ್ನ ನನ್ನ ಮಾತಿನಲ್ಲಿ ಹೇಳೋದಾದರೆ, ಬೇಲಿ ಹಾಕಿಲ್ಲ ಅಂದ ಮಾತ್ರಕ್ಕೆ ಮನುಷ್ಯ ಸ್ವತಂತ್ರ ಅಲ್ಲ. ಹಿಂದೊಬ್ಬ ನೋಡ್ತಾ ಬರ್ತಿದ್ದಾನೆ ಅಂತ ಗೊತ್ತಿದ್ದರೆ ಕಾಲು ನಡೆಯುತ್ತೆ, ಮನಸ್ಸು ನಡೆಯಲ್ಲ. ಇಡೀ 236ನೇ ನಿಯಮವೇ ಹೋಗಬೇಕು ಅಂದರು ಇಬ್ಬರೂ.

ಆ ಭಿನ್ನಮತ ಗೆಲ್ಲೋಕೆ 55 ವರ್ಷ ಬೇಕಾಯಿತು. ಗೆಲ್ಲಿಸಿದ ಕೇಸಿಗೆ ನಮ್ಮವರೇ ಒಬ್ಬರ ಹೆಸರಿದೆ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಆಧಾರ್ ವಿರುದ್ಧ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂದರು. ಖರಕ್ ಸಿಂಗ್ ತೀರ್ಪಿನಲ್ಲಿ ಈ ಹಕ್ಕು ಇಲ್ಲ ಅಂದಿದ್ದ ಭಾಗ ಬಿದ್ದುಹೋಯಿತು. ಸರ್ಕಾರ ಈ ಹಕ್ಕಿಗೆ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈ ಹಾಕಬೇಕು.

ಈಗ ರಸ್ತೆಗೆ ಬರೋಣ. ರಾತ್ರಿ ನಾಕಾಬಂದಿಯಲ್ಲಿ ಲೈಸೆನ್ಸ್ ಕೇಳೋಕೆ, ಕುಡಿದಿದ್ದೀರಾ ಅಂತ ಊದಿಸೋಕೆ ಮೋಟಾರು ವಾಹನ ಕಾಯ್ದೆ ಅಧಿಕಾರ ಕೊಟ್ಟಿದೆ. ಅದರಲ್ಲಿ ತಕರಾರಿಲ್ಲ. ಆದರೆ 2021ರ ಅಕ್ಟೋಬರಿನಲ್ಲಿ ಹೈದರಾಬಾದಿನ ರಸ್ತೆಗಳಲ್ಲಿ ಪೊಲೀಸರು ಓಡಾಡೋ ಜನರನ್ನ ನಿಲ್ಲಿಸಿ, ಫೋನ್ ಈಸ್ಕೊಂಡು, ಚಾಟ್‌ಗಳಲ್ಲಿ ಗಾಂಜಾ ಅನ್ನೋ ಪದ ಹುಡುಕಿದ ವಿಡಿಯೋಗಳು ಬಂದವು. 1985ರ ಮಾದಕವಸ್ತು ಕಾಯ್ದೆಯ 50ನೇ ಕಲಂ ಏನು ಹೇಳುತ್ತೆ ನೋಡಿ. ಗಾಂಜಾ ಇದೆ ಅನ್ನೋ ಅನುಮಾನದ ಮೇಲೆ ಒಬ್ಬನ ಮೈ ತಡಕಬೇಕಾದರೂ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ಶೋಧ ಮಾಡಿಸಿಕೊಳ್ಳೋ ಹಕ್ಕು ಅವನಿಗಿದೆ. ಅದನ್ನ ಅವನಿಗೆ ಮೊದಲೇ ತಿಳಿಸಬೇಕು ಅಂತ 1999ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಜೇಬಿಗೆ ಇಷ್ಟು ಮರ್ಯಾದೆ. ಅದೇ ಜೇಬಿನಲ್ಲಿರೋ ಫೋನಿಗೆ, ಅಂದ್ರೆ ನಮ್ಮ ಬ್ಯಾಂಕು, ಡಾಕ್ಟರ್ ರಿಪೋರ್ಟು, ಹೆಂಡತಿ ಜೊತೆಗಿನ ಜಗಳ ಎಲ್ಲ ಇರೋ ಪೆಟ್ಟಿಗೆಗೆ, ರಸ್ತೆಯಲ್ಲಿ ಒಂದು ನಿಮಿಷವೂ ಇಲ್ಲ.

2021ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್, ವೀರೇಂದ್ರ ಖನ್ನಾ ಕೇಸಿನಲ್ಲಿ ಇದನ್ನೇ ಎತ್ತಿಕೊಂಡಿತು. ತನಿಖೆಗೆ ಫೋನ್ ಶೋಧಿಸಬೇಕಾದರೆ ಸಾಮಾನ್ಯವಾಗಿ ಕೋರ್ಟಿನ ವಾರಂಟ್ ಬೇಕು, ತುರ್ತಿದ್ದರೆ ಕಾರಣ ಬರೆದಿಟ್ಟು ಶೋಧಿಸಬೇಕು ಅಂದಿತು. ಪಾಸ್‌ವರ್ಡ್ ಕೊಡೋದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದ ಹಾಗಲ್ಲ ಅಂತಲೂ ಅದೇ ತೀರ್ಪು ಹೇಳಿದೆ. ಅಂದ್ರೆ ಪೊಲೀಸರ ಕೈ ಕಟ್ಟಿಲ್ಲ. ಕೈಗೆ ಪೆನ್ನು ಕೊಟ್ಟಿದೆ.

ಈ ಪೆನ್ನಿನ ಸಂಪ್ರದಾಯ ಹೊಸದೇನಲ್ಲ. ಶೋಧಕ್ಕೆ ಸ್ಥಳೀಯ ಪಂಚರು ಇಬ್ಬರಿರಬೇಕು ಅನ್ನೋದು 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಇತ್ತು. 1973ರ ಸಂಹಿತೆಯ 165ನೇ ಕಲಂ, ವಾರಂಟ್ ಇಲ್ಲದೆ ಶೋಧಿಸೋ ಅಧಿಕಾರಿ ಮೊದಲು ಕಾರಣ ಬರೀಬೇಕು, ಅದರ ಪ್ರತಿ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು ಅಂತ ಹೇಳಿತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ ಶೋಧದ ವಿಡಿಯೋ ಚಿತ್ರೀಕರಣವೂ ಸೇರಿದೆ. ನಮ್ಮ ಕೆಲಸದಲ್ಲೂ ಹೀಗೇ ಅಲ್ವಾ? ಸರ್ವರ್ ಕೀಲಿ ನನ್ನ ಹತ್ರ ಇದ್ದರೂ ಗ್ರಾಹಕರ ಡೇಟಾ ತೆರೆಯೋ ಮೊದಲು ಟಿಕೆಟ್ ಹಾಕಬೇಕು, ಯಾಕೆ ಅಂತ ಬರೀಬೇಕು, ಲಾಗ್ ಉಳೀಬೇಕು. ನಾನು ಕಳ್ಳ ಅಂತ ಯಾರೂ ಅಂದ್ಕೊಂಡಿಲ್ಲ, ಗ್ರಾಹಕನೂ ಕಳ್ಳ ಅಲ್ಲ.

ಊರಲ್ಲಿ ನಮ್ಮಜ್ಜಿ ಮನೆ ಬಾಗಿಲು ಹಗಲೆಲ್ಲ ತೆರೆದೇ ಇರ್ತಿತ್ತು. ಖಾಸಗಿತನ ಅನ್ನೋ ಪದ ಅವಳಿಗೆ ಗೊತ್ತಿರಲಿಲ್ಲ. ಆದರೆ ಮಂಚದ ಕೆಳಗಿನ ಅವಳ ಟ್ರಂಕನ್ನ ಕೇಳದೆ ಯಾರೂ ಮುಟ್ಟುತ್ತಿರಲಿಲ್ಲ. ಅದರಲ್ಲಿ ಕದ್ದ ಮಾಲೇನೂ ಇರಲಿಲ್ಲ, ಎರಡು ಸೀರೆ, ತಾತನ ಒಂದು ಫೋಟೋ.

ಹಾಗಾಗಿ "ತಪ್ಪು ಮಾಡಿಲ್ಲ ಅಂದ್ಮೇಲೆ ಏನು ಕಷ್ಟ" ಅಂದವರಿಗೆ ನಾನು ಖರಕ್ ಸಿಂಗ್ ಹೆಸರು ಹೇಳ್ತೇನೆ. ಅವರ ಮೇಲೂ ಸಾಕ್ಷ್ಯ ಇರಲಿಲ್ಲ, ಆದರೂ ಬಾಗಿಲು ಬಡಿಯೋದು ನಿಲ್ಲಲಿಲ್ಲ. ನಿಲ್ಲಿಸಿದ್ದು "ಯಾವ ಕಾನೂನಿನ ಪ್ರಕಾರ?" ಅನ್ನೋ ಪ್ರಶ್ನೆ. ನಾಳೆ ಯಾರಾದರೂ ನಿಮ್ಮ ಫೋನ್ ಕೇಳಿದರೆ ದನಿ ಏರಿಸದೆ, ಮರ್ಯಾದೆಯಿಂದ ಅದನ್ನೇ ಕೇಳಿ: "ಸರ್, ಯಾವ ಕಾನೂನು? ಕಾರಣ ಬರೆದುಕೊಡ್ತೀರಾ?"