ಹೆಪ್ಪು ಮತ್ತು ತಂಬುಳಿ: ಮಲೆನಾಡಿನ ಆಹಾರ ಪರಂಪರೆಯಲ್ಲಿ ಜೀವಾಣುವಿನ ಉಳಿವು

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಜನಪದ ಆಹಾರ ಪದ್ಧತಿಯನ್ನು ಕುರಿತ ಬರಹಗಳು ಬಹುಮಟ್ಟಿಗೆ ಅಡುಗೆಯ ಪಟ್ಟಿಗಳಾಗಿಯೇ ಉಳಿದಿವೆ. ಏನನ್ನು ಬೆರೆಸುತ್ತಾರೆ ಎಂಬುದು ದಾಖಲಾಗಿದೆ. ಯಾವಾಗ, ಯಾವ ಹದದಲ್ಲಿ, ಊಟದ ಯಾವ ಘಟ್ಟದಲ್ಲಿ ಎಂಬುದು ದಾಖಲಾಗಿಲ್ಲ. ಈ ಕೊರತೆಯ ಪರಿಣಾಮವನ್ನು ಹೆಪ್ಪು ಮತ್ತು ತಂಬುಳಿಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊಸರಿನ ಜೀವಾಣುಗಳತ್ತ ಆಧುನಿಕ ವಿಜ್ಞಾನದ ಗಮನ ಹರಿದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. 1905ರಲ್ಲಿ ಬಲ್ಗೇರಿಯಾದ ಗ್ರಿಗೊರೊವ್ ತನ್ನ ನಾಡಿನ ಮೊಸರಿನಲ್ಲಿ ಒಂದು ಜೀವಾಣುವನ್ನು ಗುರುತಿಸಿದನು. 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಮೆಚ್ನಿಕಾಫ್, ಹುಳಿಹಾಲಿನ ಸೇವನೆಯನ್ನು ದೀರ್ಘಾಯುಷ್ಯದೊಡನೆ ಜೋಡಿಸಿದನು. ಆದರೆ ಆ ಜೀವಾಣು ಕರುಳಿನಲ್ಲಿ ನೆಲೆಯೂರುವುದಿಲ್ಲವೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ಜಠರಾಮ್ಲ ಮತ್ತು ಪಿತ್ತರಸಗಳೆಂಬ ಎರಡು ಅಗ್ನಿಪರೀಕ್ಷೆಗಳನ್ನು ದಾಟುವುದೇ ಅಂದಿನಿಂದ ಮುಖ್ಯ ಪ್ರಶ್ನೆಯಾಯಿತು. ಜೀವಾಣುಗಳಿಗೆ ಆಲ್ಜಿನೇಟಿನ ಸೂಕ್ಷ್ಮ ಕವಚ ತೊಡಿಸುವುದು, ಒತ್ತಡ ತಾಳುವ ವಂಶವಾಹಿಯನ್ನು ಅವುಗಳಲ್ಲಿ ಸೇರಿಸುವುದು ಮೊದಲಾದ ಪ್ರಯೋಗಗಳು ನಡೆದಿವೆ.

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಮಲೆನಾಡಿನ ಊಟವನ್ನು ನೋಡಬೇಕು. ಒಂದೆಲಗ, ದೊಡ್ಡಪತ್ರೆ, ದಾಳಿಂಬೆ ಸಿಪ್ಪೆ ಮುಂತಾದವುಗಳನ್ನು ಜೀರಿಗೆ, ಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ಆರಿದ ಮೇಲೆ ಕಾಯಿತುರಿಯೊಡನೆ ಅರೆದು ಮಜ್ಜಿಗೆಗೆ ಬೆರೆಸಿದರೆ ತಂಬುಳಿಯಾಗುತ್ತದೆ. ಬೆರೆಸಿದ ನಂತರ ಅದನ್ನು ಕುದಿಸುವುದಿಲ್ಲ. ಮಜ್ಜಿಗೆ ಹುಳಿಯನ್ನಾದರೋ ಕುದಿಸುತ್ತಾರೆ. ಪಟ್ಟಿಯಲ್ಲಿ ಎರಡೂ ಮಜ್ಜಿಗೆಯ ಪದಾರ್ಥಗಳೇ. ಆದರೆ ಒಂದರಲ್ಲಿ ಜೀವಾಣು ಬದುಕಿರುತ್ತದೆ, ಇನ್ನೊಂದರಲ್ಲಿ ಸಾಯುತ್ತದೆ. ಅಂತೆಯೇ ಮಜ್ಜಿಗೆ ಅನ್ನಕ್ಕೆ ಊಟದ ಕೊನೆಯ ಸ್ಥಾನ. ಬರಿ ಹೊಟ್ಟೆಯಲ್ಲಿ ತೀಕ್ಷ್ಣವಾಗಿರುವ ಆಮ್ಲವು ಅನ್ನ ಸೇರಿದಾಗ ಕೆಲಕಾಲ ಸೌಮ್ಯವಾಗುತ್ತದೆ. ಹಾಲಿನ ಪ್ರೋಟೀನು, ಜಿಡ್ಡುಗಳೂ ಜೀವಾಣುವಿಗೆ ಒಂದಿಷ್ಟು ರಕ್ಷಣೆ ನೀಡುತ್ತವೆ.

ಇದರಿಂದ ನಮ್ಮ ಹಿರಿಯರಿಗೆ ಜೀವಾಣುಶಾಸ್ತ್ರ ತಿಳಿದಿತ್ತೆಂದು ತೀರ್ಮಾನಿಸುವುದು ಶಾಸ್ತ್ರೀಯವಲ್ಲ. 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳು ರೂಪಿಸಿದ ವ್ಯಾಖ್ಯೆಯ ಪ್ರಕಾರ, ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಉಪಕಾರವಾಗುವ ಸಜೀವ ಸೂಕ್ಷ್ಮಜೀವಿಗಳು ಮಾತ್ರ ಪ್ರೊಬಯಾಟಿಕ್. ಮನೆಯ ಮೊಸರಿನಲ್ಲಿರುವ ತಳಿಗಳು ಮನೆಯಿಂದ ಮನೆಗೆ ಬೇರೆ. ಅವುಗಳಲ್ಲಿ ಅನೇಕವು ಪಿತ್ತರಸಕ್ಕೆ ಅಳಿಯುತ್ತವೆ. ಆದ್ದರಿಂದ ತಂಬುಳಿಯನ್ನು ಔಷಧವೆಂದು ಸಾರುವುದಕ್ಕಿಂತ, ಪರೀಕ್ಷೆಗೆ ಯೋಗ್ಯವಾದ ಅನುಭವಜ್ಞಾನವೆಂದು ಮಂಡಿಸುವುದು ಉಚಿತ.

ಆ ಪರೀಕ್ಷೆಗೆ ಬೇಕಾದ ಆಕರವೇ ಈಗ ಕ್ಷೀಣಿಸುತ್ತಿದೆ. ಹೆಪ್ಪೆಂದರೆ ನಿನ್ನೆಯ ಮೊಸರು ಇಂದಿನ ಹಾಲಿಗೆ ಕೊಡುವ ವಂಶ. ಕೆಟ್ಟಾಗ ನೆರೆಮನೆಯಿಂದ ತರುವುದು ರೂಢಿ. ಮಜ್ಜಿಗೆಗೆ ಹೋದವರು ಚೊಂಬು ಮುಚ್ಚಿಡಬಾರದೆಂಬ ಗಾದೆಯ ಹಿಂದೆ ಇಂಥ ಕೊಡುಕೊಳ್ಳುವಿಕೆಯ ಸಮಾಜವಿದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಸಾಗರ, ಹೊಸನಗರ ಸೀಮೆಯ ಹಳ್ಳಿಗಳು ಮುಳುಗಿ, ಒಕ್ಕಲುಗಳು ಚದುರಿದವು. ನೆರೆಮನೆ ಇಲ್ಲವಾದ ಮೇಲೆ ಹೆಪ್ಪಿನ ಹಾದಿಯೂ ಕಡಿಯುತ್ತದೆ. ಪೊಟ್ಟಣದ ಹಾಲು, ಅಂಗಡಿಯ ಮೊಸರು ಮಿಕ್ಕ ಕೊಂಡಿಗಳನ್ನೂ ಸಡಿಲಿಸುತ್ತಿವೆ.

ಮುಳುಗಡೆಯ ನಾಡಿನ ಹಾಡು, ಕಥೆಗಳನ್ನು ಧ್ವನಿಮುದ್ರಿಸಿಡಬಹುದು. ಹೆಪ್ಪನ್ನು ಹಾಗೆ ಉಳಿಸಲಾಗದು. ಅದನ್ನು ಜೀವಂತವಾಗಿಯೇ ಸಂಗ್ರಹಿಸಬೇಕು. ಆದಕಾರಣ ಕ್ಷೇತ್ರಕಾರ್ಯಕ್ಕೆ ಹೊರಡುವ ಜಾನಪದ ವಿದ್ವಾಂಸನು ಜೀವಾಣುತಜ್ಞನನ್ನೂ ಜೊತೆಗೆ ಕರೆದೊಯ್ಯುವುದು, ಮಾದರಿಯೊಡನೆ ಅದರ ಮನೆ, ಪಾತ್ರೆ, ಹದ, ಊಟದ ಕ್ರಮಗಳನ್ನು ದಾಖಲಿಸುವುದು ಅವಶ್ಯ. ಹೆಪ್ಪು ಕಾಯ್ದ ಹಿರಿಯ ಹೆಂಗಸರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕಾರ್ಯ ನಡೆಯಬೇಕಾಗಿದೆ.