ಮತಪೆಟ್ಟಿಗೆಯಲ್ಲಿ ಮಾತೃಭಾಷೆ

ಚುನಾವಣೆ ಬಂದಾಗ ಜನ ಕೇಳುವುದು ರಸ್ತೆ, ನೀರು, ಉದ್ಯೋಗ. ಇವುಗಳ ಸಾಲಿನಲ್ಲಿ ತಮ್ಮ ನುಡಿಯನ್ನೂ ತಮ್ಮನ್ನು ತಾವೇ ಆಳಿಕೊಳ್ಳುವ ಹಕ್ಕನ್ನೂ ಇರಿಸಿ ಮತ ನೀಡಿದ ಜನಾಂಗವೊಂದುಂಟು. ಅದು ಗ್ರೀನ್‌ಲ್ಯಾಂಡಿನ ಇನುಯಿಟ್ ಜನಾಂಗ.

ಆ ಹಿಮನಾಡಿಗೆ 1721ರಲ್ಲಿ ಬಂದಿಳಿದ ಲೂಥರನ್ ಮಿಷನರಿ ಹ್ಯಾನ್ಸ್ ಎಗೆಡೆ ಸ್ಥಳೀಯರ ಭಾಷೆ ಕಲಿಯತೊಡಗಿದರು. ಅವರ ಮಗ ಪೌಲ್ 1766ರಲ್ಲಿ ಹೊಸ ಒಡಂಬಡಿಕೆಯನ್ನು ಆ ಭಾಷೆಗೆ ತಂದರು. ಮೊರೇವಿಯನ್ ಸಭೆಯ ಸ್ಯಾಮ್ಯುಯೆಲ್ ಕ್ಲೈನ್‌ಶ್ಮಿಟ್ 1851ರಲ್ಲಿ ಅದಕ್ಕೊಂದು ವ್ಯಾಕರಣ ಬರೆದರು. 1861ರಲ್ಲಿ ಪತ್ರಿಕೆಯೂ ಹುಟ್ಟಿತು. ಹೀಗೆ ನುಡಿಗೆ ಲಿಪಿ ದೊರೆಯಿತು. ಆದರೆ ಧರ್ಮಪ್ರಚಾರದ ಜೊತೆಯಲ್ಲೇ ವಸಾಹತು ಆಳ್ವಿಕೆಯೂ ಬೇರೂರಿತೆಂಬುದನ್ನು ಮರೆಯಲಾಗದು.

1953ರಲ್ಲಿ ಗ್ರೀನ್‌ಲ್ಯಾಂಡ್ ಡೆನ್ಮಾರ್ಕಿನ ಒಂದು ಜಿಲ್ಲೆಯಾಯಿತು. ಆಸ್ಪತ್ರೆ, ಮನೆ, ಶಾಲೆಗಳು ಬಂದವು. ಅವುಗಳೊಡನೆ ಡ್ಯಾನಿಷ್ ಭಾಷೆಯ ಮೇಲುಗೈಯೂ ಬಂದಿತು. ಅದಕ್ಕೂ ಮುನ್ನ, 1951ರಲ್ಲಿ, 22 ಮಕ್ಕಳನ್ನು 'ಸುಶಿಕ್ಷಿತ'ರನ್ನಾಗಿಸಲು ಡೆನ್ಮಾರ್ಕಿಗೆ ಒಯ್ಯಲಾಗಿತ್ತು. ಮರಳಿದವರಲ್ಲಿ ಅನೇಕರು ಹೆತ್ತವರೊಡನೆ ಮಾತನಾಡಲಾರದವರಾಗಿದ್ದರು. ಡೆನ್ಮಾರ್ಕಿನ ಪ್ರಧಾನಿ ಇದಕ್ಕಾಗಿ ಕ್ಷಮೆ ಕೋರಿದ್ದು 2020ರಲ್ಲಿ.

ಪ್ರಗತಿ ಬೇಕು, ಆದರೆ ಅದರ ಬೆಲೆ ನಮ್ಮ ನಾಲಗೆಯಾಗಬಾರದು ಎಂಬ ಭಾವನೆ ಬಲಿಯಿತು. 1972ರ ಜನಮತಗಣನೆಯಲ್ಲಿ ಗ್ರೀನ್‌ಲ್ಯಾಂಡಿನ ಸುಮಾರು ಶೇ. 70 ಮತದಾರರು ಯೂರೋಪಿಯನ್ ಆರ್ಥಿಕ ಸಮುದಾಯವನ್ನು ನಿರಾಕರಿಸಿದರೂ, ಡೆನ್ಮಾರ್ಕಿನ ಬಹುಮತ ಅವರನ್ನು ಅದರೊಳಗೆ ಎಳೆದೊಯ್ದಿತು. ತಮ್ಮ ಮತಕ್ಕೆ ಬೆಲೆಯಿಲ್ಲವೆಂದು ಆಗ ಮನವರಿಕೆಯಾಯಿತು. 1979ರ ಜನವರಿಯಲ್ಲಿ ಶೇ. 70ರಷ್ಟು ಮತಗಳು ಸ್ವಯಮಾಡಳಿತದ ಪರ ಬಿದ್ದವು. ಏಪ್ರಿಲ್ ತಿಂಗಳ ಚುನಾವಣೆಯಲ್ಲಿ ಸಿಯುಮುತ್ ಪಕ್ಷ 21ರಲ್ಲಿ 13 ಸ್ಥಾನ ಗೆದ್ದಿತು. ಲೂಥರನ್ ಪಾದ್ರಿಯಾಗಿದ್ದ ಜೊನಾಥನ್ ಮೋಟ್ಸ್‌ಫೆಲ್ಟ್ ಮೊದಲ ಸರ್ಕಾರದ ಮುಖ್ಯಸ್ಥರಾದರು. ಸ್ವಯಮಾಡಳಿತ ಕಾಯಿದೆ ಗ್ರೀನ್‌ಲ್ಯಾಂಡಿಕ್ ನುಡಿಯನ್ನು ಪ್ರಧಾನ ಭಾಷೆಯೆಂದು ಸಾರಿತು. ಡ್ಯಾನಿಷನ್ನೂ ಚೆನ್ನಾಗಿ ಕಲಿಸಬೇಕೆಂದಿತು. 2008ರ ನವೆಂಬರ್ 25ರಂದು ಶೇ. 75 ಮತಗಳು ಇನ್ನೂ ವಿಸ್ತಾರವಾದ ಸ್ವಾಧಿಕಾರವನ್ನು ಬಯಸಿದವು. 2009ರ ಜೂನ್ 21ರಿಂದ ಆ ನುಡಿಯೊಂದೇ ಅಧಿಕೃತ ಭಾಷೆ.

ಗೆಲುವು ಹೊಣೆಯನ್ನೂ ತಂದಿತು. ಅಧಿಕೃತ ಪಟ್ಟ ಪಡೆದ ಶಿಷ್ಟರೂಪ ಪಶ್ಚಿಮ ಕರಾವಳಿಯದು. ಪೂರ್ವ ತೀರದವರ, ದೂರದ ಉತ್ತರದವರ ಮನೆಮಾತು ಬೇರೆ. ಒಮ್ಮೆ ಅಲ್ಪಸಂಖ್ಯಾತರಾಗಿ ನೊಂದವರು, ಬಹುಸಂಖ್ಯಾತರಾದಾಗ ತಮಗಿಂತ ಸಣ್ಣ ದನಿಗೆ ಕಿವಿಗೊಡುವರೇ? ಸ್ವನಿರ್ಣಯದ ನಿಜವಾದ ಪರೀಕ್ಷೆ ಅದೇ. ಮತಪೆಟ್ಟಿಗೆ ನುಡಿಗೆ ಅಧಿಕಾರ ಕೊಡಬಲ್ಲದು. ನ್ಯಾಯವನ್ನು ಕೊಡಬೇಕಾದವರು ಅದನ್ನು ಆಡುವ ಜನರೇ.