ಹತ್ತೊಂಬತ್ತು ಮಿಲಿಮೀಟರಿನ ಬ್ರಾಡ್‌ಗೇಜ್

ನನ್ನ ಸೋದರಮಾವ ರೈಲ್ವೆಯಲ್ಲಿ ಗೂಡ್ಸ್ ಕ್ಲರ್ಕ್ ಆಗಿದ್ದವರು. ನಿವೃತ್ತರಾಗಿ ಹತ್ತು ವರ್ಷ ದಾಟಿದ ಮೇಲೆ, ಹೋದ ಮಳೆಗಾಲದಲ್ಲಿ, ಮಹಡಿಯ ಕೋಣೆಯಲ್ಲಿ ಎರಡು ಪ್ಲೈವುಡ್ ಹಲಗೆ ಜೋಡಿಸಿ ಕೂತಿದ್ದರು. "ಬೆಂಗಳೂರು ಸಿಟಿ ಗೂಡ್ಸ್ ಯಾರ್ಡ್ ಮಾಡೋಣ ಕಣಮ್ಮ. ಹಿಸ್ಟರಿ ನೀನು ನೋಡ್ಕೊ, ಹಳಿ ನಾನು ಹಾಕ್ತೀನಿ" ಅಂದರು. ಯಾರ್ಡು 1975ರದ್ದು, ಅವರು ಕೆಲಸಕ್ಕೆ ಸೇರಿದ ಮರುವರ್ಷದ್ದು. ನನ್ನ ಪಿಎಚ್.ಡಿ. ವಿಷಯ ಮೈಸೂರು ಸಂಸ್ಥಾನದ ರೈಲ್ವೆ. ಇದೂ ಒಂದು ಬಗೆಯ ಫೀಲ್ಡ್‌ವರ್ಕ್ ಎಂದು ನನಗೆ ನಾನೇ ಹೇಳಿಕೊಂಡು ಒಪ್ಪಿದೆ.

ಕಾಟನ್‌ಪೇಟೆಯ ಪಕ್ಕದ ಟಿ.ಸಿ.ಎಂ. ರಾಯನ್ ರಸ್ತೆಯನ್ನು ಹಳಬರು ಈಗಲೂ ಗೂಡ್ಸ್‌ಶೆಡ್ ರಸ್ತೆ ಎಂದೇ ಕರೆಯುತ್ತಾರೆ. ಹಲಗೆಯ ಒಂದು ಅಂಚು ಆ ರಸ್ತೆ. ಅಳತೆ ಒಂದಕ್ಕೆ ಎಂಬತ್ತೇಳು, ಅಂದರೆ ನಿಜದ 87 ಮಿಲಿಮೀಟರು ನಮ್ಮಲ್ಲಿ ಒಂದು ಮಿಲಿಮೀಟರು. ಮಾದರಿ ರೈಲು ಕಟ್ಟುವವರಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಅಳತೆ ಇದು. ಈ ಲೆಕ್ಕಕ್ಕೆ ಅಂಗಡಿಯಲ್ಲಿ ಸಿಗುವ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರು. ಎಂಬತ್ತೇಳರಿಂದ ಗುಣಿಸಿದರೆ ಬರುವುದು 1435 ಮಿಲಿಮೀಟರು, ಯುರೋಪು ಅಮೆರಿಕಗಳ ಸ್ಟ್ಯಾಂಡರ್ಡ್ ಗೇಜ್. ನಮ್ಮ ಬ್ರಾಡ್‌ಗೇಜ್ 1676. ಅದಕ್ಕೆ ಬೇಕಾದದ್ದು 19.3 ಮಿಲಿಮೀಟರು, ನಾವು ಹುಡುಕಿದ ಅಂಗಡಿಗಳಲ್ಲಿ ಅದು ಸಿಗಲಿಲ್ಲ. ಮೀಟರ್‌ಗೇಜಿಗೆ ಮಾತ್ರ 12 ಮಿಲಿಮೀಟರಿನದು ಹೆಚ್ಚುಕಡಿಮೆ ಹೊಂದುತ್ತದೆ.

"ಮೂರು ಮಿಲಿಮೀಟರ್ ಯಾರಿಗೆ ಕಾಣುತ್ತೆ ಮಾವ?" ಎಂದೆ. ಮಾವ ಉತ್ತರ ಕೊಡಲಿಲ್ಲ. ಮರುದಿನ ಎಸ್.ಪಿ. ರಸ್ತೆಯಿಂದ ತಾಮ್ರ ಲೇಪಿಸಿದ ಸರ್ಕ್ಯೂಟ್ ಬೋರ್ಡ್ ತಂದು ಸ್ಲೀಪರುಗಳ ಗಾತ್ರಕ್ಕೆ ಕತ್ತರಿಸತೊಡಗಿದರು. ಆ ಪಟ್ಟಿಗಳ ಮೇಲೆ ರೈಲಿಟ್ಟು ಬೆಸುಗೆ ಹಾಕಬೇಕು. ಎರಡು ರೈಲುಗಳ ನಡುವೆ ತಾಮ್ರವನ್ನು ಗೀರಿ ತೆಗೆಯದಿದ್ದರೆ ಶಾರ್ಟ್ ಆಗುತ್ತದೆ. ನಾನು ಒಂದು ಪಟ್ಟಿಯಲ್ಲಿ ಮರೆತೆ. ಅದು ಯಾವುದೆಂದು ಹುಡುಕಲು ಒಂದು ಭಾನುವಾರ ಹೋಯಿತು. ಕೊಂಡುತಂದ ವ್ಯಾಗನ್ನುಗಳ ಚಕ್ರಗಳನ್ನೂ ಅಚ್ಚಿನ ಮೇಲೆ ಹೊರಕ್ಕೆ ಎಳೆದು ಕೂರಿಸಬೇಕಾಯಿತು.

ಮಾವನ ಹಟ ನನಗೆ ಅರ್ಥವಾದದ್ದು ನನ್ನದೇ ಟಿಪ್ಪಣಿಗಳನ್ನು ತಿರುವಿಹಾಕುವಾಗ. ಡಾಲ್‌ಹೌಸಿ ಆರಡಿ ಅಂತರ ಬೇಕೆಂದಿದ್ದ, ಕೊನೆಗೆ ನಿಂತದ್ದು ಐದೂವರೆ ಅಡಿಗೆ. 1870ರಲ್ಲಿ ಮೇಯೊ ಸರ್ಕಾರ ಖರ್ಚು ಉಳಿಸಲೆಂದು ಹೊಸ ಮಾರ್ಗಗಳಿಗೆ ಮೀಟರ್‌ಗೇಜ್ ತಂದಿತು. ಮದ್ರಾಸ್ ರೈಲ್ವೆಯ ಬ್ರಾಡ್‌ಗೇಜ್ ಜೋಲಾರಪೇಟೆಯಿಂದ 1864ರಲ್ಲೇ ಬೆಂಗಳೂರು ದಂಡಿಗೆ ಬಂದು ನಿಂತಿತ್ತು. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರವರೆಗಿನದು, ಬಂದಾಗ ದಂಡಿನಿಂದ ಆಚೆಗೆ ಮೈಸೂರಿನ ಕಡೆ ಹಳಿಯೇ ಇರಲಿಲ್ಲ. ರೈಲಿನಲ್ಲಿ ಬಂದ ಧಾನ್ಯ ಮುಂದೆ ಹೋಗಬೇಕಾದದ್ದು ಎತ್ತಿನ ಗಾಡಿಯಲ್ಲಿ. ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. ಹಸಿದವರಿಗೆ ಕೂಲಿ ಕೊಡುವ ಕಾಮಗಾರಿಯಾಗಿ ಬೆಂಗಳೂರು-ಮೈಸೂರು ಮಾರ್ಗದ ಮಣ್ಣು ಕೆಲಸ ನಡೆಯಿತು. 1882ರಲ್ಲಿ ರೈಲು ಮೈಸೂರು ಮುಟ್ಟಿತು. ಆದರೆ ಅದು ಮೀಟರ್‌ಗೇಜ್. ಮದ್ರಾಸಿನಿಂದ ಬಂದ ವ್ಯಾಗನ್ನು ಅದರ ಮೇಲೆ ಓಡಲಾರದು.

ಹೀಗಾಗಿ ಬೆಂಗಳೂರಿನಲ್ಲಿ ಒಂದು ರೈಲಿನ ಮಾಲು ಇಳಿಸಿ ಇನ್ನೊಂದಕ್ಕೆ ತುಂಬುವ ಕೆಲಸ ಹುಟ್ಟಿತು. ಮಾವ ಇದನ್ನು 'ಟ್ರಾನ್ಸ್‌ಶಿಪ್‌ಮೆಂಟ್' ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಪ್ಲಾಟ್‌ಫಾರಮಿನ ಈ ಕಡೆ ಬ್ರಾಡ್, ಆ ಕಡೆ ಮೀಟರ್. ಈ ಕಡೆಯ ಒಂದು ವ್ಯಾಗನ್ನಿನ ಮಾಲು ಆ ಕಡೆಯ ಒಂದರಲ್ಲಿ ಹಿಡಿಸದು. ಉಳಿದ ಮೂಟೆಗಳ ಲೆಕ್ಕವೇ ಕ್ಲರ್ಕಿನ ತಲೆನೋವು. ಎರಡು ಬಗೆಯ ಹಳಿ ಇಲ್ಲದಿದ್ದರೆ ಈ ಪ್ಲಾಟ್‌ಫಾರಮ್ಮೇ ಇರುತ್ತಿರಲಿಲ್ಲ. ಅಂಗಡಿಯ 16.5 ಹಾಕಿದ್ದರೆ ಪ್ಲಾಟ್‌ಫಾರಮು ಉಳಿಯುತ್ತಿತ್ತು, ಅದು ಅಲ್ಲಿರುವ ಕಾರಣ ಅರ್ಧ ಅಳಿಸಿಹೋಗುತ್ತಿತ್ತು.

ಮಾದರಿಯಲ್ಲಿ ಸುಳ್ಳು ಇಲ್ಲವೆಂದಲ್ಲ. ನಿಜವಾದ ಒಂದು ಸೈಡಿಂಗ್ ಅರ್ಧ ಕಿಲೋಮೀಟರ್ ಇದ್ದರೂ ನಮಗೆ ಸುಮಾರು ಆರು ಮೀಟರ್ ಬೇಕು. ಕೋಣೆ ಇರುವುದೇ ಮೂರೂವರೆ. ಉದ್ದವನ್ನು ಕತ್ತರಿಸಿದೆವು, ಸೈಡಿಂಗುಗಳ ಸಂಖ್ಯೆ ಇಳಿಸಿದೆವು, ಬಿನ್ನಿ ಮಿಲ್ಲಿನ ಗೋಡೆಯನ್ನು ಹಿನ್ನೆಲೆಯ ರಟ್ಟಿಗೆ ಅಂಟಿಸಿದೆವು. ಥೀಸಿಸ್ಸಿನಲ್ಲೂ ನಾನು ಮಾಡುತ್ತಿರುವುದು ಇದನ್ನೇ, ಅಲ್ಲಿ ಅದಕ್ಕೆ 'ಅಧ್ಯಯನದ ವ್ಯಾಪ್ತಿ' ಎನ್ನುತ್ತೇವೆ.

ತೊಡಕಾದದ್ದು ಮನುಷ್ಯರ ವಿಷಯದಲ್ಲಿ. ಆನ್‌ಲೈನಿನಲ್ಲಿ ತರಿಸಿದ ಪೊಟ್ಟಣದಲ್ಲಿ ಇದ್ದವರು ಕೋಟು ತೊಟ್ಟ ಪ್ರಯಾಣಿಕರು, ಟೋಪಿಯ ಗಾರ್ಡು, ನಾಯಿ ಹಿಡಿದ ಹೆಂಗಸು. ಬೆನ್ನ ಮೇಲೆ ಮೂಟೆ ಹೊತ್ತ, ಪಂಚೆ ಎತ್ತಿಕಟ್ಟಿದ ಹಮಾಲ ಒಬ್ಬನೂ ಇಲ್ಲ. ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಮೂರು ವರ್ಷದಿಂದ ನಾನು ಓದುತ್ತಿರುವ ಆಡಳಿತ ವರದಿಗಳಲ್ಲಿ ಎಷ್ಟು ಮೈಲಿ, ಎಷ್ಟು ಟನ್, ಎಷ್ಟು ಆದಾಯ ಎಂಬುದಿದೆ. ಆ ಟನ್ನುಗಳನ್ನು ಎತ್ತಿದವರು ನನ್ನ ಅಧ್ಯಾಯಗಳಲ್ಲೂ 'ಕೂಲಿ ವೆಚ್ಚ' ಎಂಬ ಒಂದು ಸಾಲಿನಲ್ಲಿ ಮುಗಿದುಹೋಗಿದ್ದರು. ಮೀಟರ್‌ಗೇಜಿನಿಂದ ಉಳಿಯಿತೆಂದ ಖರ್ಚಿನ ಒಂದು ಪಾಲು ಇವರ ಬೆನ್ನ ಮೇಲೆ ಬಂದಿತ್ತು ಎಂಬ ವಾಕ್ಯ ಬರೆಯಲು ನನಗೆ ಈ ಪ್ಲೈವುಡ್ ಬೇಕಾಯಿತು.

ತಂತಿ ಬಗ್ಗಿಸಿ ಅದರ ಮೇಲೆ ಎಂ-ಸೀಲ್ ಮೆತ್ತಿ ಹಮಾಲರನ್ನು ಮಾಡಿದೆ. ನಿಂತ ಹಮಾಲ 19 ಮಿಲಿಮೀಟರು. ಐದೂವರೆ ಅಡಿ ಎಂದರೆ ಆಳುದ್ದ. ಬ್ರಾಡ್‌ಗೇಜಿನ ಅಗಲವೂ ಅಷ್ಟೇ ಎಂಬುದು ಗೊಂಬೆಯನ್ನು ಹಳಿಯ ಪಕ್ಕ ಇಟ್ಟಾಗಲೇ ಹೊಳೆದದ್ದು. ಮಾವ ಕನ್ನಡಕ ಏರಿಸಿ ನೋಡಿ, "ಇವನು ನಿಂತವನ ಹಾಗೆ ಇದ್ದಾನೆ. ಮೂಟೆ ಹೊತ್ತವನು ನಿಲ್ಲಲ್ಲ, ಓಡ್ತಾನೆ. ನಿಂತರೆ ಭಾರ ಜಾಸ್ತಿ" ಎಂದು ಮಂಡಿಯ ಬಳಿ ತಂತಿಯನ್ನು ಬಗ್ಗಿಸಿದರು. ಕೈಯಲ್ಲಿ ಕೊಕ್ಕೆ ಇರಬೇಕು ಎಂದರು. ಅವರೆಲ್ಲ ಕಂಟ್ರಾಕ್ಟರನ ಕಡೆಯವರು, ರೈಲ್ವೆಯ ಹಾಜರಿ ಪುಸ್ತಕದಲ್ಲಿ ಇರಲಿಲ್ಲ ಎಂದೂ ಹೇಳಿದರು. ನಾನು ಅದನ್ನು ಬರೆದುಕೊಂಡೆ.

1992ರಲ್ಲಿ ಯೂನಿಗೇಜ್ ಯೋಜನೆ ಬಂತು. ಮೈಸೂರು ಮಾರ್ಗ ಬ್ರಾಡ್‌ಗೇಜ್ ಆಯಿತು. ಇಳಿಸಿ ತುಂಬುವ ಕೆಲಸ ಇಲ್ಲವಾಯಿತು, ಆ ಕೆಲಸದವರು ಎಲ್ಲಿಗೆ ಹೋದರೆಂದು ಮಾವನಿಗೂ ಗೊತ್ತಿಲ್ಲ. ಗೊತ್ತಿರಬಹುದಾದ ಒಬ್ಬರು ಅಕ್ಕಿಪೇಟೆಯಲ್ಲಿದ್ದಾರಂತೆ, ಅವರ ಅಪ್ಪ ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದರಂತೆ. ಬರುವ ಶನಿವಾರ ನಾವಿಬ್ಬರೂ ಹೋಗಿಬರುವುದೆಂದಾಗಿದೆ. ಹಲಗೆಯ ಮೇಲೆ ಸದ್ಯ ಹನ್ನೊಂದು ಜನ ಹಮಾಲರಿದ್ದಾರೆ, ಬಣ್ಣ ಇನ್ನೂ ಒಣಗಿಲ್ಲ.